ಕಾರ್ತಿಕದ ಚಳಿಯಲ್ಲಿ ತೆಪ್ಪ ಹತ್ತಿ ಜಿಲೇಬಿ ಮೀನು ಹಿಡಿಯುವುದು

ಕುಣಿಗಲ್ ಕಡೆ ನಮ್ಮದೊಂದು ಕಟಿಂಗ್ ಶಾಪ್ ಇದೆ. ಮಂಗಳವಾರ ರಜ. ವರ್ಷಕ್ಕೆ 52 ಮಂಗಳವಾರ ಬರುತ್ತವೆ. ಅದರಲ್ಲಿ 40 ಆದರೂ ನಾನು ಕೆರೆಯಲ್ಲೇ ಕಳೆದಿರುತ್ತೇನೆ. ಹೆಂಡತಿ ಲೆಕ್ಕ ಇಟ್ಟಿದ್ದಾಳೆ, ನಾನಲ್ಲ.

ದೀಪಾವಳಿ ಮುಗಿದು ಚಳಿ ಬಿತ್ತು ಅಂದರೆ ಏರಿ ಮೇಲೆ ಗಾಳ ಹಿಡಿದು ಕೂರುವವರು ಒಬ್ಬರೂ ಕಾಣುವುದಿಲ್ಲ. ಕೇಳಿದರೆ "ಮೀನು ಬಾಯಿ ಕಟ್ಕೊಂಡಿದೆ ಬಿಡಿ" ಅನ್ನುತ್ತಾರೆ. ಬಾಯಿ ಕಟ್ಟಿಕೊಂಡಿಲ್ಲ, ದಡ ಬಿಟ್ಟು ಒಳಗೆ ಹೋಗಿದೆ ಅಷ್ಟೇ. ರಾತ್ರಿ ಚಳಿಗೆ ದಡದ ತೆಳು ನೀರು ಬೇಗ ತಣ್ಣಗಾಗುತ್ತದೆ. ಆಳದ ನೀರು ಅಷ್ಟು ಬೇಗ ಆರುವುದಿಲ್ಲ. ಮೀನು ಬೆಚ್ಚಗಿರುವ ಕಡೆ ಹೋಗಿ ಗುಂಪು ಕಟ್ಟಿಕೊಂಡು ನಿಲ್ಲುತ್ತದೆ. ಏರಿಯಿಂದ ಎಷ್ಟು ಬೀಸಿ ಎಸೆದರೂ ಗಾಳ ಅಲ್ಲಿಗೆ ಮುಟ್ಟುವುದಿಲ್ಲ. ತೆಪ್ಪ ಬೇಕು.

ನಾನು ಹೇಳುತ್ತಿರುವುದು ಜಿಲೇಬಿ ಮೀನಿನ ವಿಷಯ. ಮೀನಂಗಡಿ ಬೋರ್ಡಿನಲ್ಲಿ ಬರೆಯುವ ಹೆಸರು ತಿಲಾಪಿಯಾ. ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಮೊಟ್ಟೆ, ಮರಿ ಎಲ್ಲ ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಹಾಗಾಗಿ ಒಂದು ಕೆರೆಗೆ ಹೊಕ್ಕರೆ ಮುಗೀತು, ಮತ್ತೆ ಖಾಲಿಯಾಗುವುದಿಲ್ಲ. ಬಿಸಿಲು ನಾಡಿನ ಮೀನಾದ್ದರಿಂದ ಚಳಿ ಕಂಡರೆ ಆಗುವುದಿಲ್ಲ. ನೀರು 20 ಡಿಗ್ರಿ ಹತ್ತಿರ ಇಳಿದರೆ ತಿನ್ನುವುದು ಕಡಿಮೆ ಮಾಡುತ್ತದೆ. ಇದೊಂದು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಮೊದಲು ಹೊತ್ತಿನ ಮಾತು. ಗಾಳ ಅಂದರೆ ನಸುಕಿನಲ್ಲೇ ಏಳಬೇಕು ಅಂತ ನಮ್ಮಪ್ಪನ ಕಾಲದಿಂದ ಒಂದು ನಂಬಿಕೆ. ಬೇಸಿಗೆಯಲ್ಲಿ ಸರಿ. ಕಾರ್ತಿಕದಲ್ಲಿ ಐದು ಗಂಟೆಗೆ ಮಂಜಿನಲ್ಲಿ ಹೋಗಿ ಕೂತರೆ ಮೂಗು ಸೋರುತ್ತದೆ, ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಅಲ್ಲಾಡುವುದಿಲ್ಲ. ನಾನು ನಿಧಾನವಾಗಿ ತಿಂಡಿ ತಿಂದು, ಹತ್ತು ಗಂಟೆಗೆ ತೆಪ್ಪ ಹತ್ತುತ್ತೇನೆ. ಹನ್ನೊಂದರಿಂದ ಮೂರರವರೆಗೆ ಚೆನ್ನಾಗಿ ಕಚ್ಚುತ್ತದೆ. ಎರಡು ಮೂರು ದಿನ ಸತತ ಬಿಸಿಲು ಹೊಡೆದ ಮೇಲೆ ಹೋದರೆ ಇನ್ನೂ ಒಳ್ಳೆಯದು. ಚೆನ್ನೈ ಕಡೆ ವಾಯುಭಾರ ಕುಸಿತ ಅಂತ ಟೀವಿಯಲ್ಲಿ ಹೇಳಿದರೆ ನಮ್ಮಲ್ಲಿ ಜಡಿಮಳೆ ಗ್ಯಾರಂಟಿ. ಅವತ್ತು ಸುಮ್ನೆ ಮನೆಯಲ್ಲಿ ಅವರೆಕಾಯಿ ಸುಲಿಯಿರಿ.

ಎರಡನೆಯದು ಒಪ್ಪಿಗೆ. ಕೆರೆ ಊರಿನದಾದರೂ ಮೀನು ಗುತ್ತಿಗೆ ಹಿಡಿದವರದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ, ಸಣ್ಣವನ್ನು ಪಂಚಾಯಿತಿ. ದುಡ್ಡು ಕೊಟ್ಟು ಮರಿ ಬಿಟ್ಟಿರುತ್ತಾರೆ. ಒಂದು ಸಲ ಕೇಳದೆ ಇಳಿದಿದ್ದೆ. ಅವರ ಕಡೆಯ ಹುಡುಗನೊಬ್ಬ ಬಂದು ನನ್ನ ಬಿದಿರು ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ. ಮೀನು ಹಿಡಿದದ್ದಕ್ಕೆ ಬೈದಿದ್ದರೆ ಬೇಜಾರಿರಲಿಲ್ಲ, ಆ ಕಡ್ಡಿ ಹದ ಮಾಡಲು ಎರಡು ತಿಂಗಳು ಹಿಡಿದಿತ್ತು. ಈಗ ನಾನು ಹೋಗುವ ಕೆರೆಯಲ್ಲಿ ಮೊದಲೇ ಮಾತಾಗಿದೆ. "ಜಿಲೇಬಿ ನಿಂದು, ಕಾಟ್ಲಾ, ರೋಹು ನಂದು" ಅಂದಿದ್ದಾರೆ. ಬಿಟ್ಟ ಮರಿಗಳ ಮೇವಿಗೆ ಜಿಲೇಬಿ ಪಾಲಿಗೆ ಬರುತ್ತದಲ್ಲ, ಯಾರಾದರೂ ಹಿಡಿದರೆ ಅವರಿಗೂ ಖುಷಿಯೇ. ಕಾಟ್ಲಾ ಬಿದ್ದರೆ ಮರ್ಯಾದೆಯಾಗಿ ಬಿಡಿಸಿ ನೀರಿಗೆ ಹಾಕುತ್ತೇನೆ. ನಾಲ್ಕು ಕೆಜಿಯದು ಬಿದ್ದಾಗ ಬಿಡುವುದು ಎಷ್ಟು ಕಷ್ಟ ಅಂತ ಮಾತ್ರ ಕೇಳಬೇಡಿ.

ಈಗ ತೆಪ್ಪ. ಬುಟ್ಟಿ ಥರ ದುಂಡಗಿರುತ್ತದೆ. ಹಳೇದು ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಶೀಟು ಹಾಕಿ ಡಾಂಬರು ಬಳಿದಿದ್ದು. ಈಚೆಗೆ ಫೈಬರಿನದು ಜಾಸ್ತಿ. ನಾನು ತೆಪ್ಪ ಇಟ್ಟುಕೊಂಡಿಲ್ಲ. ಬಲೆ ಬಿಡುವ ಅಣ್ಣ ಒಬ್ಬರು ಬೆಳಗ್ಗೆ ಒಂಬತ್ತಕ್ಕೆಲ್ಲ ಕೆಲಸ ಮುಗಿಸುತ್ತಾರೆ. ಆಮೇಲೆ ಅವರ ತೆಪ್ಪ ನನಗೆ, ದಿನಕ್ಕೆ 200 ರೂಪಾಯಿ. ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ನಾನೂ ಹೋಗಿದ್ದೆ. ನಮ್ಮ ಕೆರೆ ಅಂಗಳದ ತುಂಬಾ ಜಾಲಿ ಮರ ಎಂಬುದು ನೆನಪಿರಲಿಲ್ಲ. ಮುಳ್ಳು ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಸಣ್ಣಗೆ ಸುಸ್ಸ್ ಅಂತ ಸದ್ದು. ದಡಕ್ಕೆ ಇನ್ನೂ ನೂರಡಿ ಇತ್ತು. ಬಂದೆ, ಆದರೆ ಮೊಬೈಲು ಬರಲಿಲ್ಲ.

ತೆಪ್ಪದಲ್ಲಿ ನಿಲ್ಲಬೇಡಿ. ನಡುವೆ ಕುಕ್ಕರಗಾಲಲ್ಲಿ ಇಲ್ಲವೇ ಮಡಿಸಿದ ಗೋಣಿಚೀಲದ ಮೇಲೆ ಕೂರಿ. ಹುಟ್ಟನ್ನು ಪಕ್ಕಕ್ಕೆ ಹಾಕಿ ಎಳೆದರೆ ನಿಂತಲ್ಲೇ ಬುಗುರಿ ಥರ ಸುತ್ತುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ, ಹುಟ್ಟನ್ನು ಮುಂದೆ ಇಳಿಸಿ, ನೀರಿನಲ್ಲಿ ಎಂಟರ ಅಂಕಿ ಬರೆದ ಹಾಗೆ ಆಡಿಸಿ ನಿಮ್ಮ ಕಡೆ ಸೆಳೆಯಬೇಕು. ಮೊದಲ ದಿನ ಎಲ್ಲರೂ ಸುತ್ತುತ್ತಾರೆ, ದಡದಲ್ಲಿ ಹುಡುಗರು ನಗುತ್ತಾರೆ. ನಗಲಿ. ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳಿರುತ್ತವೆ, ಸೊಂಟದಷ್ಟು ನೀರು ಎರಡು ಹೆಜ್ಜೆಗೆ ತಲೆ ಮೇಲೆ ಹೋಗುತ್ತದೆ. ತೂಬು ಎತ್ತಿರುವಾಗ ಅದರ ಹತ್ತಿರ ಹೋಗಲೇಬೇಡಿ. ಮಾರ್ಕೋನಹಳ್ಳಿ ಡ್ಯಾಮಿನಂಥ ಕಡೆ ಸೈಫನ್ ಇರುತ್ತದೆ, ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತದೆ ತಾನಾಗಿಯೇ ಎಳೆಯಲು ಶುರು ಮಾಡುತ್ತದೆ. ಹಿಂಗಾರು ಜೋರಾದ ವರ್ಷ ಅಂಥ ಜಾಗದ ಸಹವಾಸವೇ ಬೇಡ.

ಜಾಗ ಹುಡುಕುವುದೇ ಅರ್ಧ ಕೆಲಸ. ಕೆರೆ ಕಟ್ಟುವ ಮುಂಚೆ ಅಲ್ಲೊಂದು ಹಳ್ಳ ಹರಿಯುತ್ತಿತ್ತು, ಅಲ್ವಾ? ಅದರ ಗುಂಡಿ ಈಗಲೂ ನೀರಿನಡಿ ಇದೆ, ತೂಬಿನ ಕಡೆಗೆ ಹೋಗುತ್ತದೆ. ಆ ಹಳ್ಳದ ಅಂಚಿನಲ್ಲಿ, ಮುಳುಗಿದ ಜಾಲಿ ಬೊಡ್ಡೆ ಇರುವ ಕಡೆ, ಜಿಲೇಬಿ ಕಟ್ಟಿಟ್ಟ ಬುತ್ತಿ. ಹುಡುಕಲು ನನ್ನ ಹತ್ತಿರ ಒಂದು ದಾರ ಇದೆ. ತುದಿಗೆ ಅಂಗೈಯಷ್ಟು ಕಲ್ಲು, ಮೊಳಕ್ಕೊಂದು ಗಂಟು. ತೆಪ್ಪ ನಿಧಾನಕ್ಕೆ ಬಿಡುತ್ತಾ ಇಳಿಸುವುದು, ಗಂಟು ಎಣಿಸುವುದು. ಐದು, ಐದು, ಐದು, ಆರು, ಇದ್ದಕ್ಕಿದ್ದಂತೆ ಒಂಬತ್ತು ಅಂದರೆ ಹಳ್ಳ ಸಿಕ್ಕಿತು. ಕಲ್ಲು ಮೇಲೆ ಬಂದಾಗ ಅಂಟಿರುವ ಮಣ್ಣು ಮೂಸಿ ನೋಡಿ. ಕೊಳೆತ ವಾಸನೆ ಹೊಡೆದರೆ ಮುಂದೆ ಹೋಗಿ, ಅಲ್ಲಿ ಮೀನು ನಿಲ್ಲುವುದಿಲ್ಲ.

ಗಾಳಿಯನ್ನೂ ನೋಡಿ. ಈ ತಿಂಗಳಲ್ಲಿ ನಮ್ಮಲ್ಲಿ ಮೂಡಣ ಗಾಳಿ. ಬಿಸಿಲಿಗೆ ಕಾದ ಮೇಲ್ನೀರನ್ನು ಅದು ಪಡುವಣ ಕಡೆಗೆ ತಳ್ಳುತ್ತದೆ. ಎರಡು ಜಾಗ ಒಂದೇ ಥರ ಕಂಡರೆ ಪಡುವಣದ್ದೇ ಆರಿಸಿಕೊಳ್ಳಿ.

ತೆಪ್ಪ ನಿಲ್ಲಿಸಲು ಒಂದು ಕಲ್ಲು ಸಾಲದು. ಇದನ್ನು ನಾನು ಮೂರು ವರ್ಷ ತಡವಾಗಿ ಕಲಿತೆ. ದುಂಡಗಿರುವುದರಿಂದ ಒಂದೇ ಹಗ್ಗದಲ್ಲಿ ಕಟ್ಟಿದರೆ ಸಣ್ಣ ಗಾಳಿಗೂ ತಿರುಗುತ್ತಾ ಇರುತ್ತದೆ, ಬೆಂಡು ಒಮ್ಮೆ ಎದುರಿಗೆ, ಒಮ್ಮೆ ಬೆನ್ನ ಹಿಂದೆ. ಐದು ಕೆಜಿಯ ಎರಡು ಕಲ್ಲನ್ನು ಹಳೇ ಬಲೆಯಲ್ಲಿ ಸುತ್ತಿ, ಎದುರು ಬದುರು ಅಂಚಿನಿಂದ ಇಳಿಸಿ. ಮೆಲ್ಲಗೆ ಇಳಿಸಿ, ಎತ್ತಿ ಹಾಕಬೇಡಿ. ದುಡುಂ ಅಂದರೆ ಮುಂದಿನ ಅರ್ಧ ಗಂಟೆ ಬೀಡಿ ಸೇದುತ್ತಾ ಕೂರಬೇಕು. ಗಂಟು ಒಂದೇ ಎಳೆತಕ್ಕೆ ಬಿಚ್ಚುವ ಹಾಗಿರಲಿ.

ಕಡ್ಡಿ ಏಳೆಂಟು ಅಡಿ ಸಾಕು, ಬಿದಿರೇ ಚೆಂದ. ರೀಲು ಬೇಕಿಲ್ಲ, ಮೀನು ನಿಮ್ಮ ಕಾಲ ಕೆಳಗೇ ಇರುತ್ತದೆ. ತಂಗೂಸಿ, ಅಂದರೆ ನೈಲಾನ್ ದಾರ, ತೆಳ್ಳಗಿರಲಿ, ಕಾಲು ಮಿಲಿಮೀಟರ್ ದಪ್ಪ. ಗಾಳ 8ನೇ ನಂಬರು. ಗಾಳದಲ್ಲಿ ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಹೊಸಬರು ಎಡವುವುದು ಇಲ್ಲೇ. ಗೇಣು ಮೇಲೆ ಒಂದು ಸಣ್ಣ ಸೀಸದ ಗುಂಡು. ಮೀನು ನೆಲದ ಮೇಲೆ ಮಲಗಿರುವುದಿಲ್ಲ, ಗಾಳ ನೆಲಕ್ಕಿಂತ ಅರ್ಧ ಮೊಳ ಮೇಲೆ ನಿಲ್ಲುವ ಹಾಗೆ ಬೆಂಡು ಸರಿಸಿಕೊಳ್ಳಿ. ಅಲ್ಲಿ ನೀರು ಕಡ್ಡಿಗಿಂತ ಆಳ ಇರುತ್ತದೆ, ಮೀನು ಬಿದ್ದಾಗ ಕಡ್ಡಿ ಪಕ್ಕಕ್ಕಿಟ್ಟು ದಾರವನ್ನು ಕೈಯಲ್ಲೇ ಎಳೆದುಕೊಳ್ಳಬೇಕು.

ಬೆಂಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಊರಲ್ಲಿ ಎಲ್ಲರೂ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಬೆಂಡು ಮಾಡುತ್ತಾರೆ. ಬೇಸಿಗೆಯಲ್ಲಿ ನಡೆಯುತ್ತದೆ, ಆಗ ಜಿಲೇಬಿ ಎಳೆದುಕೊಂಡು ಓಡುತ್ತದೆ. ಚಳಿಯಲ್ಲಿ ಅದು ಸೋಮಾರಿ. ಹುಳವನ್ನು ತುಟಿಗೆ ತೆಗೆದುಕೊಳ್ಳುತ್ತದೆ, ಉಗುಳುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ. ಚಪ್ಪಲಿ ತುಂಡಿಗೆ ಅದು ಗೊತ್ತೇ ಆಗುವುದಿಲ್ಲ. ತೋಟದಲ್ಲಿ ಉದುರಿದ ನವಿಲುಗರಿ ಸಿಗುತ್ತದಲ್ಲ, ಅದರ ದಂಟಿನ ಗೇಣುದ್ದದ ತುಂಡು ಹಾಕಿ. ನೀರಿನ ಮೇಲೆ ಬೆರಳಗಲ ಮಾತ್ರ ಕಾಣುವ ಹಾಗೆ ಭಾರ ಹೊಂದಿಸಿ. ಈಗ ಅದನ್ನೇ ನೋಡುತ್ತಾ ಇರಿ. ಮೊದಲು ಸುತ್ತ ಒಂದು ಸಣ್ಣ ಬಳೆ ಏಳುತ್ತದೆ. ಎಳೆಯಬೇಡಿ. ಎರಡನೇ ಬಳೆ. ಬೇಡ. ಆಮೇಲೆ ದಂಟು ಮುಳುಗುವುದಿಲ್ಲ, ಬದಲಿಗೆ ಒಂದಿಷ್ಟು ಮೇಲೆದ್ದು ಪಕ್ಕಕ್ಕೆ ವಾಲುತ್ತದೆ. ಮೀನು ಹುಳ ಕಚ್ಚಿಕೊಂಡು ಮೇಲೆ ಬಂದಿದೆ, ಸೀಸದ ಭಾರ ಅದರ ಬಾಯಲ್ಲಿದೆ. ಆಗ ಎಳೆಯಿರಿ. ತೋಳು ಬೀಸಬೇಡಿ, ಮಣಿಕಟ್ಟು ಮಾತ್ರ. ಕತ್ತರಿ ಆಡಿಸುವ ಕೈಗೆ ಇದು ಬೇಗ ಬಂತು ಅಂತ ನನ್ನ ಜಂಬ.

ಮೇವಿಗೆ ಎರೆಹುಳವೇ. ತಿಪ್ಪೆ ಪಕ್ಕದ ಕೆಂಪು ಸಣ್ಣ ಹುಳ, ಒದ್ದೆ ಮಣ್ಣಿನ ಜೊತೆ ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಳ್ಳಿ. ಇಡೀ ಹುಳ ಹಾಕಬೇಡಿ, ಅರ್ಧ ಸಾಕು, ಬಾಲ ಅಲ್ಲಾಡುತ್ತಿರಲಿ. ಹುಳ ಮುಗಿದರೆ ರಾಗಿ ಮುದ್ದೆ. ರಾತ್ರಿಯ ಮುದ್ದೆಗೆ ಕಡಲೆಕಾಯಿ ಹಿಂಡಿ ಪುಡಿ ಹಾಕಿ ನಾದಿ, ಚಿಟಿಕೆ ಹತ್ತಿ ಬಿಡಿಸಿ ಸೇರಿಸಿ. ಹತ್ತಿ ಇಲ್ಲದಿದ್ದರೆ ಗಾಳದ ಮೇಲೆ ನಿಲ್ಲುವುದಿಲ್ಲ, ಎರಡು ನಿಮಿಷಕ್ಕೆ ಕರಗುತ್ತದೆ. ಹತ್ತಿಗೆ ನನಗೇನು ಬರ, ಅಂಗಡಿಯಲ್ಲಿ ಕಟ್ಟುಗಟ್ಟಲೆ ಇದೆ. ಮೀನು ಕರೆಯಲು ಇದೇ ಮುದ್ದೆಗೆ ತೌಡು, ಕೆರೆ ಮಣ್ಣು ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಬಿಡಿ. ಗಂಟೆಗೆ ಎರಡು, ಅಷ್ಟೇ. ಚಳಿಯಲ್ಲಿ ಅದರ ಹೊಟ್ಟೆ ಚಿಕ್ಕದು, ತುಂಬಿಸಿ ಕಳಿಸಿದರೆ ನಿಮಗೇನು ಉಳಿಯಿತು?

ಒಂದು ಬಿದ್ದರೆ ಬೇಗ ಬೇಗ ಅದೇ ಆಳಕ್ಕೆ ಮತ್ತೆ ಬಿಡಿ. ಗುಂಪು ಅಲ್ಲೇ ಇರುತ್ತದೆ. ಇಪ್ಪತ್ತು ನಿಮಿಷ ಏನೂ ಇಲ್ಲವೆಂದರೆ ಕಲ್ಲು ಎತ್ತಿ ಮುಂದಿನ ಬೊಡ್ಡೆಗೆ ಹೋಗಿ. ತಾಳ್ಮೆ ತಾಳ್ಮೆ ಅಂತ ಹೇಳುವವರ ಮಾತು ಕೇಳಿ ಖಾಲಿ ಜಾಗದಲ್ಲಿ ಸಾಯಂಕಾಲದವರೆಗೆ ಕೂತ ಮಂಗಳವಾರಗಳು ನನಗೆ ಬೇಕಾದಷ್ಟಿವೆ.

ಬಿಡಿಸುವಾಗ ಬೆನ್ನಿನ ಮುಳ್ಳು ಹುಷಾರು. ತಲೆ ಕಡೆಯಿಂದ ಅಂಗೈ ಸವರುತ್ತಾ ಬಂದರೆ ಮುಳ್ಳು ಮಡಚಿಕೊಳ್ಳುತ್ತದೆ, ಆಗ ಹಿಡಿಯಿರಿ. ಬಾಲದಿಂದ ಹಿಡಿದರೆ ಚುಚ್ಚುತ್ತದೆ, ಎರಡು ದಿನ ಉರಿ. ಜೊಂಡಿನ ಹತ್ತಿರ ಗುಳುಂ ಅಂತ ಗುಳ್ಳೆ ಎದ್ದರೆ ಅದು ಕೊರಮೀನು, ಗಾಳಿ ಕುಡಿಯಲು ಮೇಲೆ ಬಂದಿದೆ. ಅದಕ್ಕೆ ಬೇರೆ ಗಾಳ, ಬೇರೆ ದಾರ. ಇದೇ ತಂಗೂಸಿಯಲ್ಲಿ ಕೈ ಹಾಕಿದರೆ ಗಾಳವೂ ಹೋಯಿತು, ಬೆಂಡೂ ಹೋಯಿತು.

ಮೂರೂವರೆಗೆ ಬಿಸಿಲು ವಾಲಿದ ಮೇಲೆ ಕಚ್ಚುವುದು ನಿಂತುಹೋಗುತ್ತದೆ, ಎದ್ದುಬಿಡಿ. ತೆಪ್ಪ ದಡಕ್ಕೆ ಎಳೆದು ಮಗುಚಿ ಹಾಕಿ, ಹುಟ್ಟನ್ನು ಅದರ ಕೆಳಗಿಡಿ.

ಮನೆಯಲ್ಲಿ ಹುರುಪೆ ತೆಗೆಯಲು ಒಲೆ ಬೂದಿ ಹಚ್ಚಿಕೊಂಡರೆ ಕೈ ಜಾರುವುದಿಲ್ಲ. ಹೊಟ್ಟೆ ಸೀಳಿದಾಗ ಒಳಗೆ ಕಪ್ಪು ಪೊರೆ ಕಾಣುತ್ತದೆ, ಅದನ್ನು ಉಪ್ಪು ಹಾಕಿ ಉಜ್ಜಿ ಪೂರಾ ತೆಗೆಯಿರಿ. ಆಮೇಲೆ ಕಾಲು ಗಂಟೆ ಹುಳಿ ಮಜ್ಜಿಗೆಯಲ್ಲಿ ನೆನೆಸಿದರೆ ಕೆಸರು ವಾಸನೆ ಅಷ್ಟಾಗಿ ಉಳಿಯುವುದಿಲ್ಲ. ಕಾರ್ತಿಕ ಸೋಮವಾರ ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುವ ಹಾಗಿಲ್ಲ. ಮಂಗಳವಾರ ತಂದರೆ "ರೀ, ಹೊರಗಡೆ ನಲ್ಲಿ ಹತ್ರಾನೇ ತೊಳೀರಿ" ಅಂತ ಅಷ್ಟಕ್ಕೇ ಬಿಡುತ್ತಾಳೆ.

ಕೈ ವಾಸನೆಗೆ ಸೋಪು ಸಾಲದು, ಹುಣಸೆಹಣ್ಣು ಹಚ್ಚಿ ಉಜ್ಜಬೇಕು. ಹೋದ ವರ್ಷ ಒಂದು ಬುಧವಾರ ಅದನ್ನು ಮರೆತು ಅಂಗಡಿ ತೆರೆದೆ. ಶೇವಿಂಗಿಗೆ ಕೂತ ಮೇಷ್ಟ್ರೊಬ್ಬರು ಕಣ್ಣು ಮುಚ್ಚಿಕೊಂಡೇ ಎರಡು ಸಲ ಮೂಗು ಎಳೆದರು. "ಎಷ್ಟು ಬಿತ್ತಪ್ಪ?" ಅಂದರು. ಹದಿನೇಳು ಅಂದೆ.