ಕಚೇರಿಯ ಸಾಫ್ಟ್‌ಬಾಲ್ ತಂಡವನ್ನು ಋತು ಮುಗಿಯುವವರೆಗೆ ನಡೆಸುವ ಬಗೆ

ಬೇಸ್‌ಬಾಲ್ ಅನ್ನು ಹೋಲುವ ಸಾಫ್ಟ್‌ಬಾಲ್ ಆಟಕ್ಕೆ ಕಚೇರಿಯಲ್ಲಿ ತಂಡ ಕಟ್ಟುವುದು ಕಷ್ಟವಲ್ಲ. ಆಟಗಾರರು ಬೇಕೆಂದು ಹೇಳಿದ ದಿನವೇ ಹೆಸರು ಕೊಡಲು ಜನ ಮುಗಿಬೀಳುತ್ತಾರೆ. ನಿಜವಾದ ಕಷ್ಟ ಎದುರಾಗುವುದು ಋತುವಿನ ನಡುವೆ, ಹತ್ತು ಮಂದಿ ಬೇಕಾದ ಪಂದ್ಯಕ್ಕೆ ಏಳೇ ಮಂದಿ ಬಂದು ನಿಂತಾಗ. ಇಂಥ ತಂಡಗಳು ಸೋಲಿನಿಂದ ಒಡೆಯುವುದು ಅಪರೂಪ. ಹೆಚ್ಚಿನವು ಒಡೆಯುವುದು ಆಟಗಾರರು ಬಾರದೇ ಹೋಗುವುದರಿಂದ, ಮತ್ತು ಹಾಗೆ ಬಾರದಿರುವುದಕ್ಕೆ ಯಾರೂ ಬಾಯಿಬಿಟ್ಟು ಹೇಳದ ಸಣ್ಣಪುಟ್ಟ ಬೇಸರಗಳೇ ಕಾರಣವಾಗಿರುತ್ತವೆ. ಆದ್ದರಿಂದ ತಂಡದ ಹೊಣೆ ಹೊತ್ತವರು ಪಂದ್ಯ ಗೆಲ್ಲುವ ತಂತ್ರಕ್ಕಿಂತ ಮೊದಲು, ಮುಂದಿನ ವಾರವೂ ಎಲ್ಲರೂ ಬರುವಂತೆ ನೋಡಿಕೊಳ್ಳುವ ವಿಧಾನವನ್ನು ಕಲಿಯಬೇಕಾಗುತ್ತದೆ.

ಮೊದಲು ಯಾವ ಬಗೆಯ ಆಟ ಎಂಬುದನ್ನು ಎಲ್ಲರಿಗೂ ತಿಳಿಸಬೇಕು. 1996ರಲ್ಲಿ ಒಲಿಂಪಿಕ್ಸ್‌ಗೆ ಸೇರಿದ ಮಹಿಳೆಯರ ಸಾಫ್ಟ್‌ಬಾಲ್ ಫಾಸ್ಟ್‌ಪಿಚ್ ಬಗೆಯದು. ಅದರ ವೇಗವನ್ನು ಪರದೆಯ ಮೇಲೆ ನೋಡಿ, ಇದು ನಮ್ಮ ಕೈಲಾಗುವ ಆಟವಲ್ಲ ಎಂದು ಹಿಂದೆ ಸರಿಯುವ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ಕಚೇರಿ ತಂಡಗಳು ಸಾಮಾನ್ಯವಾಗಿ ಆಡುವುದು ಸ್ಲೋಪಿಚ್. ಇದರಲ್ಲಿ ಪಿಚರ್ 50 ಅಡಿ ದೂರದಿಂದ ಚೆಂಡನ್ನು ಕೆಳಗೈಯಿಂದ ಮೇಲಕ್ಕೆ ತೂರುತ್ತಾರೆ, ಮತ್ತು ಅದು ಕಮಾನಿನಂತೆ ಏರಿ ಇಳಿಯಬೇಕು. ಆ ಏರಿಕೆ ನೆಲದಿಂದ ಕನಿಷ್ಠ 6 ಅಡಿ, ಗರಿಷ್ಠ 10 ಅಥವಾ 12 ಅಡಿ ಇರಬೇಕೆಂದು ಹಲವು ಲೀಗ್‌ಗಳು ನಿಗದಿ ಮಾಡಿರುತ್ತವೆ. ಒಂದು ಪಂದ್ಯಕ್ಕೆ ಏಳು ಇನಿಂಗ್ಸ್, ಮೈದಾನದಲ್ಲಿ ಹತ್ತು ಮಂದಿ. 1887ರಲ್ಲಿ ಶಿಕಾಗೊದ ಒಂದು ದೋಣಿ ಕ್ಲಬ್‌ನ ಒಳಾಂಗಣದಲ್ಲಿ, ಬಿಡುವಾಗಿದ್ದ ಗೆಳೆಯರ ಗುಂಪು ಹೊತ್ತು ಕಳೆಯಲೆಂದು ಆರಂಭಿಸಿದ ಆಟವಿದು. ಬಿಡುವಿನ ಆಟವಾಗಿಯೇ ಹುಟ್ಟಿದ್ದನ್ನು ಬಿಡುವಿನ ಆಟವಾಗಿ ಆಡಲು ಸಂಕೋಚಪಡಬೇಕಿಲ್ಲ.

ಲೀಗ್‌ನ ನಿಯಮಪುಸ್ತಕವನ್ನು ತಂಡದಲ್ಲಿ ಒಬ್ಬರಾದರೂ ಪೂರ್ತಿ ಓದಿರಬೇಕು. ಒಂದು ಲೀಗ್‌ಗೂ ಇನ್ನೊಂದಕ್ಕೂ ವ್ಯತ್ಯಾಸವಿರುವ ಸಂಗತಿಗಳು ಹಲವು: ಎಷ್ಟು ಮಂದಿ ಇದ್ದರೆ ಪಂದ್ಯ ಆರಂಭಿಸಬಹುದು, ಬ್ಯಾಟಿಂಗ್ ಕ್ರಮದಲ್ಲಿ ಖಾಲಿ ಉಳಿದ ಸ್ಥಾನವನ್ನು ಔಟ್ ಎಂದು ಲೆಕ್ಕ ಹಾಕುತ್ತಾರೆಯೇ, ಬ್ಯಾಟರ್ ಒಂದು ಬಾಲ್ (ಗುರಿ ವಲಯ ತಪ್ಪಿದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಮತ್ತು ಒಂದು ಸ್ಟ್ರೈಕ್‌ನೊಂದಿಗೆ (ಬೀಸಿ ತಪ್ಪಿದ ಅಥವಾ ಗುರಿ ವಲಯಕ್ಕೆ ಬಂದರೂ ಬಿಟ್ಟ ಎಸೆತ) ಆರಂಭಿಸುತ್ತಾರೆಯೇ, ಎರಡು ಸ್ಟ್ರೈಕ್ ಆದ ಮೇಲೆ ಹೊಡೆದ ಫೌಲ್ (ಮೈದಾನದ ಗಡಿರೇಖೆಗಳ ಹೊರಗೆ ಹೋದ ಹೊಡೆತ) ಔಟ್ ಆಗುತ್ತದೆಯೇ, ಮಿಶ್ರ ತಂಡಗಳಲ್ಲಿ ಮಹಿಳೆಯರೂ ಪುರುಷರೂ ಒಬ್ಬರಾದ ಮೇಲೊಬ್ಬರಂತೆ ಬ್ಯಾಟ್ ಮಾಡಬೇಕೇ, ಗುತ್ತಿಗೆ ನೌಕರರು ಮತ್ತು ನೌಕರರ ಕುಟುಂಬದವರು ಆಡಬಹುದೇ. ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಯಾರದೋ ಸಂಬಂಧಿಯನ್ನು ಆಡಿಸಿ, ಗೆದ್ದ ಪಂದ್ಯವನ್ನು ಕೈಬಿಡಬೇಕಾದ ತಂಡಗಳಿವೆ.

ಇದಾದ ಮೇಲೆ ಬರುವುದು ಎಲ್ಲರೂ ಮುಂದಕ್ಕೆ ಹಾಕುವ ಮಾತು: ಈ ತಂಡ ಇರುವುದು ಗೆಲ್ಲುವುದಕ್ಕೋ, ಎಲ್ಲರೂ ಆಡುವುದಕ್ಕೋ? ಎರಡರಲ್ಲಿ ಯಾವುದನ್ನು ಆರಿಸಿದರೂ ತಪ್ಪಿಲ್ಲ, ಆದರೆ ಆರಿಸದೇ ಇರುವುದು ತಪ್ಪು. ಎಲ್ಲರಿಗೂ ಸಮಾನ ಅವಕಾಶ ಎಂದು ಹೇಳಿ ಸೇರಿಸಿಕೊಂಡು, ಪಂದ್ಯ ಬಿಗಿಯಾದ ಕೂಡಲೇ ಕೊನೆಯ ಎರಡು ಇನಿಂಗ್ಸ್‌ಗೆ ದುರ್ಬಲ ಆಟಗಾರರನ್ನು ಬೆಂಚಿಗೆ ಕಳಿಸುವ ಅಭ್ಯಾಸ ಉಂಟುಮಾಡುವಷ್ಟು ಕಹಿಯನ್ನು ಸತತ ಸೋಲುಗಳೂ ಉಂಟುಮಾಡಲಾರವು. ಕಚೇರಿ ತಂಡಕ್ಕೆ ನನ್ನ ಶಿಫಾರಸು ಸ್ಪಷ್ಟವಾಗಿದೆ: ಬಂದವರೆಲ್ಲ ಬ್ಯಾಟ್ ಮಾಡಬೇಕು. ಫೀಲ್ಡಿಂಗ್‌ಗೆ ಇಳಿಯದವರನ್ನೂ ಬ್ಯಾಟಿಂಗ್ ಕ್ರಮದಲ್ಲಿ ಸೇರಿಸಲು ಹಲವು ಮನರಂಜನಾ ಲೀಗ್‌ಗಳಲ್ಲಿ ಅವಕಾಶವಿರುತ್ತದೆ. ಇದ್ದರೆ ಅದನ್ನು ತಪ್ಪದೆ ಬಳಸಿಕೊಳ್ಳಬೇಕು. ಫೀಲ್ಡಿಂಗ್‌ನಲ್ಲಿ ಯಾರು ಯಾವ ಇನಿಂಗ್ಸ್‌ನಲ್ಲಿ ಹೊರಗಿರುತ್ತಾರೆ ಎಂಬುದನ್ನು ಪಂದ್ಯಕ್ಕೆ ಮೊದಲೇ ಬರೆದಿಡಬೇಕು, ಮತ್ತು ಪಂದ್ಯದ ಸ್ಥಿತಿ ಏನೇ ಆದರೂ ಆ ಹಾಳೆಯನ್ನು ತಿದ್ದಬಾರದು.

ತಂಡದ ಪಟ್ಟಿಯಲ್ಲಿ ಹದಿನೈದು ಅಥವಾ ಹದಿನಾರು ಹೆಸರುಗಳಿದ್ದರೆ ಸಾಕು. ಹನ್ನೆರಡೇ ಇದ್ದರೆ ಒಂದು ಜ್ವರ, ಒಂದು ತುರ್ತು ಸಭೆ, ಒಂದು ಮದುವೆ ಸೇರಿ ಪಂದ್ಯವನ್ನೇ ನುಂಗುತ್ತವೆ, ಇಪ್ಪತ್ತಿದ್ದರೆ ಅರ್ಧದಷ್ಟು ಜನ ಕೂತೇ ಕಾಲ ಕಳೆದು ನಾಲ್ಕನೆಯ ವಾರಕ್ಕೆ ಕಾಣೆಯಾಗುತ್ತಾರೆ. ಲೀಗ್ ವೇಳಾಪಟ್ಟಿ ಬಂದ ಕೂಡಲೇ ಅದನ್ನು ಕಚೇರಿಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು, ಲೆಕ್ಕ ಮುಗಿಸುವ ವಾರಗಳು, ಲೆಕ್ಕಪರಿಶೋಧನೆಯ ದಿನಗಳು, ದೊಡ್ಡ ಗಡುವುಗಳು ಯಾವ ಪಂದ್ಯಗಳಿಗೆ ಅಡ್ಡ ಬರುತ್ತವೆ ಎಂದು ಗುರುತಿಸಬೇಕು, ಏಕೆಂದರೆ ಆ ವಾರಗಳಲ್ಲಿ ಒಂದೇ ವಿಭಾಗದ ನಾಲ್ಕೈದು ಮಂದಿ ಒಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ. ಹಾಜರಿಯನ್ನು ಪಂದ್ಯದ ಹಿಂದಿನ ದಿನ ಮಧ್ಯಾಹ್ನದೊಳಗೆ ಖಚಿತಪಡಿಸಿಕೊಳ್ಳಬೇಕು. ‘ಬರುತ್ತೇನೆ’ ಅಥವಾ ‘ಬರುವುದಿಲ್ಲ’ ಎಂಬ ಎರಡೇ ಉತ್ತರಗಳನ್ನು ಒಪ್ಪಬೇಕು. ‘ನೋಡೋಣ’ ಎಂದವರನ್ನು ಬಾರದವರ ಪಟ್ಟಿಗೆ ಸೇರಿಸಿ, ಕೂಡಲೇ ಬದಲಿ ಆಟಗಾರರನ್ನು ಕರೆಯಬೇಕು. ಇದು ಕಟುವಾಗಿ ಕಂಡರೂ ನಿಜವಾಗಿ ನೆರವಾಗುವುದು ಪ್ರತಿ ವಾರ ಹೊತ್ತಿಗೆ ಸರಿಯಾಗಿ ಬರುವ ಎಂಟು ಮಂದಿಗೆ. ಎದುರಾಳಿಗೆ ಪಂದ್ಯ ಬಿಟ್ಟುಕೊಟ್ಟು ಮರಳಿದ ಸಂಜೆ ಅತಿ ಹೆಚ್ಚು ನೊಂದುಕೊಳ್ಳುವವರೂ ಅವರೇ.

ಮೇಲಧಿಕಾರಿಗಳ ವಿಷಯ ಸೂಕ್ಷ್ಮವಾದದ್ದು. ವಿಭಾಗದ ಮುಖ್ಯಸ್ಥರು ತಂಡದಲ್ಲಿದ್ದರೆ ಅವರನ್ನೇ ನಾಯಕರನ್ನಾಗಿ ಮಾಡುವ ಪ್ರವೃತ್ತಿ ಸಹಜ, ಆದರೆ ಅದು ಬೇಡ. ಅವರು ಬೆಂಚಿಗೆ ಹೋಗುವ ಸರದಿ ಬಂದಾಗ ಹೇಳುವವರು ಯಾರು? ಅವರು ಬಿಟ್ಟ ಕ್ಯಾಚ್‌ಗೆ ನಗುವವರು ಯಾರು? ನಾಯಕತ್ವವನ್ನು ಹುದ್ದೆಯಿಂದ ಬೇರ್ಪಡಿಸಿ ಎರಡಾಗಿ ಹಂಚುವುದು ಉತ್ತಮ. ಶುಲ್ಕ, ಹಾಜರಿ, ಲೀಗ್‌ನೊಂದಿಗಿನ ಪತ್ರವ್ಯವಹಾರ ಒಬ್ಬರಿಗೆ, ಮೈದಾನದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಇನ್ನೊಬ್ಬರಿಗೆ. ಎರಡನೆಯ ಕೆಲಸಕ್ಕೆ ಆಟ ಬಲ್ಲ ಕಿರಿಯ ನೌಕರರೊಬ್ಬರು ಸಿಕ್ಕರೆ ತಂಡದ ಅದೃಷ್ಟ. ಮೈದಾನದಲ್ಲಿ ಕಚೇರಿಯ ಕೆಲಸದ ಮಾತು ಎತ್ತದಿರುವುದು, ಕಚೇರಿಯಲ್ಲಿ ಯಾರ ಆಟದ ತಪ್ಪನ್ನೂ ಪ್ರಸ್ತಾಪಿಸದಿರುವುದು ಎಂಬ ಎರಡು ಕಟ್ಟಳೆಗಳನ್ನು ಮುಖ್ಯಸ್ಥರ ಬಾಯಿಂದಲೇ ಹೇಳಿಸಿದರೆ ಅವು ನಿಲ್ಲುತ್ತವೆ. ತಂಡಕ್ಕೆ ಸೇರದವರನ್ನು ಕಚೇರಿಯಲ್ಲಿ ಉತ್ಸಾಹವಿಲ್ಲದವರೆಂದು ಕಾಣದಂತೆ ಎಚ್ಚರ ವಹಿಸುವುದೂ ಅಷ್ಟೇ ಅಗತ್ಯ.

ಅಭ್ಯಾಸಕ್ಕೆ ಸಿಗುವ ಸಮಯ ಕಡಿಮೆ, ಹೀಗಾಗಿ ಅದನ್ನೆಲ್ಲ ಬ್ಯಾಟಿಂಗ್‌ಗೆ ಸುರಿಯಬಾರದು. ಈ ಹಂತದ ಪಂದ್ಯಗಳಲ್ಲಿ ರನ್ ಸೋರುವುದು ಹೆಚ್ಚಾಗಿ ಎರಡು ಕಡೆ: ಪಿಚರ್ ಕೊಡುವ ವಾಕ್‌ಗಳಲ್ಲಿ (ನಾಲ್ಕು ಬಾಲ್ ಆದಾಗ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನೆಲೆಗೆ, ಹೋಗುವುದು) ಮತ್ತು ಗುರಿ ತಪ್ಪಿದ ಎಸೆತಗಳಲ್ಲಿ. ಪಿಚರ್ ಆಗಿ ತೋಳ್ಬಲವಿರುವವರಿಗಿಂತ ಗಾಬರಿಯಾಗದವರನ್ನು ಆರಿಸಬೇಕು. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಕಿದ ಹೋಮ್ ಪ್ಲೇಟಿನ ಹಿಂದಿನ ಅಂಚಿಗೆ ಸತತವಾಗಿ ಚೆಂಡನ್ನು ಇಳಿಸಬಲ್ಲವರು ಸಿಕ್ಕರೆ ಬೇರೇನೂ ಬೇಡ. ಮೊದಲ ಬೇಸ್‌ಗೆ ದುರ್ಬಲ ಆಟಗಾರರನ್ನು ಹಾಕುವುದು ವ್ಯಾಪಕವಾದ ತಪ್ಪು. ಒಳ ಮೈದಾನದ ಬಹುತೇಕ ಔಟ್‌ಗಳು ಅಲ್ಲಿಯೇ ಮುಗಿಯುವುದರಿಂದ, ಹೇಗೆ ಬಂದ ಚೆಂಡನ್ನೂ ಹಿಡಿಯಬಲ್ಲವರು ಅಲ್ಲಿರಬೇಕು. ಬಲಗೈ ಬ್ಯಾಟರ್‌ಗಳು ಹೊಡೆದ ಚೆಂಡು ಹೆಚ್ಚಾಗಿ ಎಡಭಾಗಕ್ಕೆ ಹೋಗುವುದರಿಂದ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಸ್ಥಾನ) ಮತ್ತು ಎಡ ಔಟ್‌ಫೀಲ್ಡ್‌ಗೆ ಚುರುಕಾದವರು ಬೇಕು. ಬೇಸ್ ಕದಿಯಲು (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಲು) ಅವಕಾಶವಿಲ್ಲದ ಲೀಗ್‌ಗಳಲ್ಲಿ ಬ್ಯಾಟರ್ ಹಿಂದೆ ನಿಲ್ಲುವ ಕ್ಯಾಚರ್ ಸ್ಥಾನ ಹೊಸಬರಿಗೆ ಒಗ್ಗುತ್ತದೆ, ಏಕೆಂದರೆ ಇಡೀ ಆಟ ಅವರ ಕಣ್ಣೆದುರು ನಡೆಯುತ್ತದೆ.

ಕ್ರಿಕೆಟ್ ಆಡಿ ಬೆಳೆದವರು ಕೆಲವು ಅಭ್ಯಾಸಗಳನ್ನು ಮರೆಯಬೇಕಾಗುತ್ತದೆ. ಇಲ್ಲಿ ಚೆಂಡು ಫೌಲ್ ರೇಖೆಗಳ ಒಳಗೆ ಬಿದ್ದರೆ ಓಡದೆ ನಿಲ್ಲುವ ಆಯ್ಕೆಯಿಲ್ಲ, ಬ್ಯಾಟನ್ನು ಕೈಯಲ್ಲಿ ಹಿಡಿದು ಓಡುವ ರೂಢಿಯೂ ಇಲ್ಲ. ಅದನ್ನು ಬೀಸಿ ಎಸೆಯದೆ ಪಕ್ಕಕ್ಕೆ ಬಿಡಬೇಕು. ಮೊದಲ ಬೇಸನ್ನು ಮುಟ್ಟಿ ನೇರವಾಗಿ ಮುಂದೆ ಓಡಿಹೋಗಬಹುದು, ಆದರೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಹಾಗೆ ದಾಟಿ ಹೋದರೆ ಚೆಂಡಿನಿಂದ ಮುಟ್ಟಿ ಔಟ್ ಮಾಡುತ್ತಾರೆ. ಹೊಸ ಬ್ಯಾಟರ್‌ಗಳಿಗೆ ಹೇಳಬೇಕಾದ ಒಂದೇ ಮಾತು, ಕಾಯಿರಿ. ನಿಧಾನವಾಗಿ ಬರುವ ಚೆಂಡಿಗೆ ಆತುರಪಟ್ಟು ಬೀಸಿದಾಗಲೇ ಅದು ನೇರ ಮೇಲಕ್ಕೆ ಹಾರಿ, ಕೆಳಗೆ ಕಾದು ನಿಂತವರ ಕೈಗೆ ಬೀಳುತ್ತದೆ.

ದಿನವಿಡೀ ಕುರ್ಚಿಯಲ್ಲಿ ಕುಳಿತು ನೇರವಾಗಿ ಮೈದಾನಕ್ಕೆ ಬಂದವರು ಮೊದಲ ಹೊಡೆತಕ್ಕೇ ಪೂರ್ಣ ವೇಗದಲ್ಲಿ ಓಡಿದರೆ ತೊಡೆಯ ಹಿಂಭಾಗದ ಅಥವಾ ಮೀನಖಂಡದ ಸ್ನಾಯು ಸೆಳೆಯುತ್ತದೆ. ಆದ್ದರಿಂದ ಹದಿನೈದು ನಿಮಿಷ ಮುಂಚೆ ಬಂದು ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಬೇಕು. ಬೇಸ್‌ಗೆ ಜಾರುವುದನ್ನು ತರಬೇತಿಯಿಲ್ಲದವರಿಗೆ ಸಂಪೂರ್ಣವಾಗಿ ನಿಷೇಧಿಸಬೇಕು. ಕಣಕಾಲು ಮುರಿದುಕೊಂಡು ತಿಂಗಳುಗಟ್ಟಲೆ ರಜೆ ಹಾಕುವಷ್ಟು ಬೆಲೆ ಯಾವ ರನ್‌ಗೂ ಇಲ್ಲ. ಮೊದಲ ಬೇಸ್‌ನಲ್ಲಿ ಓಟಗಾರರಿಗೆಂದು ಪಕ್ಕದಲ್ಲಿ ಕಿತ್ತಳೆ ಬಣ್ಣದ ಇನ್ನೊಂದು ಬೇಸ್ ಜೋಡಿಸಿದ್ದರೆ ಅದನ್ನೇ ಮೆಟ್ಟಬೇಕು. ಪಿಚರ್ ಮುಖಕವಚ ಧರಿಸುವುದಕ್ಕೆ ಯಾರೂ ನಗಬಾರದು: ಈಗಿನ ಬ್ಯಾಟುಗಳಿಂದ ಸಿಡಿದ ಚೆಂಡು ಮರಳಿ ಬರುವ ವೇಗವನ್ನು ಅಷ್ಟು ಹತ್ತಿರದಲ್ಲಿ ನಿಂತು ಎದುರಿಸುವವರು ಅವರೊಬ್ಬರೇ.

ಸೋಲಿನ ಸರಣಿ ಬರುತ್ತದೆ. ರನ್ ಅಂತರ ಮಿತಿ ಮೀರಿತೆಂದು ಅಂಪೈರ್ ಐದನೆಯ ಇನಿಂಗ್ಸ್‌ನಲ್ಲಿಯೇ ಆಟ ಮುಗಿಸಿದ ದಿನ ಮೈದಾನದಲ್ಲಿ ನಿಂತು ತಪ್ಪುಗಳ ವಿಶ್ಲೇಷಣೆಗೆ ಇಳಿಯಬಾರದು. ಮುಂದಿನ ಪಂದ್ಯದ ದಿನ ಮತ್ತು ಹೊತ್ತನ್ನು ಹೇಳಿ ಎಲ್ಲರನ್ನೂ ಬೀಳ್ಕೊಡಬೇಕು. ಒಂದೆರಡು ದಿನ ಕಳೆದ ಮೇಲೆ ಸ್ಕೋರ್ ಹಾಳೆಯನ್ನು ತೆಗೆದು, ಫಲಿತಾಂಶದ ಬದಲು ತಂಡದ ಕೈಯಲ್ಲೇ ಇರುವ ಸಂಗತಿಗಳನ್ನು ಎಣಿಸಬೇಕು: ಎಷ್ಟು ವಾಕ್ ಕೊಟ್ಟೆವು, ಎಷ್ಟು ಸುಲಭ ಕ್ಯಾಚ್ ಬಿಟ್ಟೆವು, ಎಷ್ಟು ಸಲ ಯಾರೂ ಇಲ್ಲದ ಬೇಸ್‌ಗೆ ಚೆಂಡು ಎಸೆದೆವು. ಈ ಸಂಖ್ಯೆಗಳು ಇಳಿಯುತ್ತಿದ್ದರೆ ಸೋಲುತ್ತಲೇ ತಂಡ ಸುಧಾರಿಸುತ್ತಿದೆ ಎಂದು ಎದೆಗುಂದಿದವರಿಗೆ ಆಧಾರಸಹಿತ ಹೇಳಬಹುದು. ಸಂಖ್ಯೆಗಳು ಇಳಿದರೂ ಪ್ರತಿ ಪಂದ್ಯವೂ ಏಕಪಕ್ಷೀಯವಾಗುತ್ತಿದ್ದರೆ ತಂಡ ತನ್ನ ಮಟ್ಟಕ್ಕಿಂತ ಮೇಲಿನ ವಿಭಾಗದಲ್ಲಿದೆ ಎಂದರ್ಥ. ಕೆಳ ವಿಭಾಗಕ್ಕೆ ಸೇರಿಸುವಂತೆ ಲೀಗ್ ಅನ್ನು ಕೇಳುವುದರಲ್ಲಿ ಅವಮಾನವೇನಿಲ್ಲ, ಆದರೆ ಬಹಳ ತಂಡಗಳು ಹಾಗೆ ಕೇಳುವ ಮೊದಲೇ ಕರಗಿಹೋಗಿರುತ್ತವೆ.

ಗೆಲುವಿನ ಕಾಲ ಇದಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ನಾಲ್ಕು ಪಂದ್ಯ ಗೆದ್ದ ತಂಡಕ್ಕೆ ಇದ್ದಕ್ಕಿದ್ದಂತೆ ಅಂಕಪಟ್ಟಿ ನೆನಪಾಗುತ್ತದೆ. ಆಗ ಯಾರೋ ಒಬ್ಬರು ತಮಗೆ ಪರಿಚಯವಿರುವ ಬಲವಾದ ಹೊಡೆತಗಾರರನ್ನು ಹೊರಗಿನಿಂದ ಕರೆತರುವ ಸಲಹೆ ಕೊಡುತ್ತಾರೆ, ಮತ್ತು ಆ ಒಬ್ಬರಿಗೆ ಜಾಗ ಮಾಡಿಕೊಡಲು ಮೊದಲ ವಾರದಿಂದ ತಪ್ಪದೆ ಬಂದ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿ ಹೊರಗುಳಿಯುತ್ತಾರೆ. ನಿಯಮ ಅದಕ್ಕೆ ಅವಕಾಶ ಕೊಟ್ಟರೂ ಒಪ್ಪಬಾರದು. ಅವರೊಂದಿಗೆ ಅವರ ಇಬ್ಬರು ಗೆಳೆಯರೂ ಮುಂದಿನ ಋತುವಿಗೆ ಹೆಸರು ಕೊಡುವುದಿಲ್ಲ, ಹೊರಗಿನಿಂದ ಬಂದವರೂ ಉಳಿಯುವುದಿಲ್ಲ.

ಅಂಪೈರ್ ಜೊತೆ ಮಾತಾಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಬೇಕು, ಅದೂ ನಿಯಮದ ಪ್ರಶ್ನೆಗಳ ಬಗ್ಗೆ. ಚೆಂಡು ಸ್ಟ್ರೈಕ್ ಆಗಿತ್ತೇ ಇಲ್ಲವೇ ಎಂಬುದು ಅಂಪೈರ್ ಕಣ್ಣಿಗೆ ಬಿಟ್ಟ ವಿಷಯ. ಹಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಲೀಗ್ ಶುಲ್ಕವನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಪೂರ್ತಿ ಸಂಗ್ರಹಿಸಿ, ಖರ್ಚಿನ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಸಂಸ್ಥೆ ಅಂಗಿಗಳಿಗೆ ಅಥವಾ ಶುಲ್ಕಕ್ಕೆ ನೆರವು ಕೊಟ್ಟರೆ, ಗಾಯವಾದಾಗ ಚಿಕಿತ್ಸೆಯ ವೆಚ್ಚ ಯಾರದು ಎಂಬ ಪ್ರಶ್ನೆಯನ್ನೂ ಆಗಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಋತುವಿನ ಕೊನೆಯ ಪಂದ್ಯಕ್ಕೆ ಎರಡು ವಾರ ಮೊದಲೇ ಮುಂದಿನ ಋತುವಿನ ಹೊಣೆ ಯಾರದೆಂದು ತೀರ್ಮಾನಿಸಬೇಕು, ಏಕೆಂದರೆ ಆಟ ಮುಗಿದ ಮೇಲೆ ಜನರನ್ನು ಒಂದೆಡೆ ಸೇರಿಸುವುದು ಕಷ್ಟ. ಎರಡು ಋತು ನಡೆಸಿದವರು ಮೂರನೆಯದನ್ನು ಇನ್ನೊಬ್ಬರಿಗೆ ಬಿಡುವುದು ಸರಿ. ಹಸ್ತಾಂತರಿಸುವಾಗ ಒಂದು ಹಾಳೆ ಸಾಕು: ಆಟಗಾರರ ಪಟ್ಟಿ, ಬದಲಿ ಆಟಗಾರರ ಹೆಸರುಗಳು, ಉಳಿದ ಹಣ, ಬ್ಯಾಟು ಮತ್ತು ಚೆಂಡುಗಳ ಚೀಲ ಯಾರ ಬಳಿ ಇದೆ ಎಂಬ ವಿವರ, ಲೀಗ್ ಸಂಘಟಕರನ್ನು ಸಂಪರ್ಕಿಸುವ ಬಗೆ, ಮತ್ತು ಮುಂದಿನ ಋತುವಿನ ನೋಂದಣಿಗೆ ಕೊನೆಯ ದಿನಾಂಕ.