ಮನೆಮನೆಗೆ ಹೋಗಿ ಸಿಗ್ನಲ್ ಅಳೆದ ಕಥೆ

ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಫೋನ್ ಮಾಡಬೇಕಾದರೆ ಬ್ಯಾಣ, ಅಂದರೆ ಹುಲ್ಲುಗುಡ್ಡ, ಹತ್ತಬೇಕು. ಅಲ್ಲೊಂದು ಗೇರು ಮರ ಇದೆ. ಒಟಿಪಿ ಬೇಕಾದವರು, ಬೆಂಗಳೂರಲ್ಲಿರುವ ಮಗನ ಜೊತೆ ಮಾತಾಡಬೇಕಾದವರು, ಎಲ್ಲರೂ ಅದರ ಬುಡಕ್ಕೇ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಾಲಿಗೆ ಉಂಬಳ.

ನಾಲ್ಕು ವರ್ಷ ಅರ್ಜಿ ಕೊಟ್ಟೆವು. ಎಲ್ಲದರಲ್ಲೂ ಒಂದೇ ಸಾಲು: ‘ನೆಟ್‌ವರ್ಕ್ ಇಲ್ಲ, ಟವರ್ ಕೊಡಿ’. ಎಡವಿದ್ದು ಎಲ್ಲಿ ಅಂತ ಗೊತ್ತಾಗಿದ್ದು ಆಮೇಲೆ. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ನಮ್ಮೂರು ಅದರಲ್ಲಿಲ್ಲ. ಮಲೆನಾಡಲ್ಲಿ ಗ್ರಾಮ ಅಂದರೆ ಒಂದು ಬೀದಿ ಅಲ್ವಲ್ಲ. ಗುಡ್ಡದ ಆಚೆ ಎರಡು ಮನೆ, ತೋಟದ ಕೆಳಗೆ ಮೂರು ಮನೆ. ಟಾರು ರಸ್ತೆ ಪಕ್ಕದ ನಾಲ್ಕು ಮನೆಗೆ ಸಿಗ್ನಲ್ ಬಂದರೆ ಕಾಗದದಲ್ಲಿ ಊರಿಗೆಲ್ಲ ಬಂದ ಹಾಗೆ.

ಸರಿ, ಮನೆ ಲೆಕ್ಕವನ್ನೇ ಕೊಡೋಣ ಅಂತ ಹೊರಟೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆಗೆದರೆ ಸಿಗ್ನಲ್ ಎಷ್ಟು ಡಿಬಿಎಂ ಅಂತ ಕಾಣುತ್ತದೆ. ಮೈನಸ್ 85 ಇದ್ದರೆ ಆರಾಮ. ಮೈನಸ್ 110 ದಾಟಿದರೆ ಮಾತು ತುಂಡಾಗುತ್ತದೆ. ಕಡ್ಡಿ ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಸಿಗ್ನಲ್‌ಗೆ ಒಂದು ಫೋನ್ ಎರಡು ಕಡ್ಡಿ ತೋರಿಸಿದರೆ ಇನ್ನೊಂದು ಮೂರು ತೋರಿಸುತ್ತದೆ. ಎರಡು ಭಾನುವಾರ, 32 ಮನೆ. ಜಗಲಿಯಲ್ಲಿ ಒಂದು ಸಲ, ಅಡುಗೆಮನೆಯಲ್ಲಿ ಒಂದು ಸಲ. ಪಕ್ಕದ ಮನೆ ಅಜ್ಜಿ, ‘ಇದೆಂತ ಮಾರಾಯ, ಮನೆಗೆಲ್ಲ ಜ್ವರ ನೋಡ್ತಾ ಇದ್ದೀಯಾ?’ ಎಂದರು.

ಮೊದಲು ಕಂಪನಿಗೇ ದೂರು ಕೊಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡುತ್ತದೆ, ಆದರೆ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ದೂರಿನ ನಂಬರಿನ ಎಸ್ಸೆಮ್ಮೆಸ್ ಬಂದದ್ದು ಎಲ್ಲಿಗೆ ಅಂತೀರಿ? ಗೇರು ಮರದ ಬುಡಕ್ಕೆ. ಎಂಟು ದಿನದಲ್ಲಿ ‘ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ’ ಅಂತ ದೂರು ಮುಗಿಸಿಬಿಟ್ಟರು. ಮೇಲ್ಮನವಿ ಹಾಕಿದೆ. ಅದನ್ನು ಅವರು 39 ದಿನದಲ್ಲಿ ತೀರ್ಮಾನಿಸಬೇಕು.

ಅಷ್ಟರಲ್ಲಿ ಒಳ್ಳೆಯದೊಂದು ಸಿಕ್ಕಿತು. ಟ್ರಾಯ್‌ನ ಹೊಸ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಅಂತ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ನಕ್ಷೆ ಹಾಕಲೇಬೇಕು. ತೆಗೆದು ನೋಡಿದೆ. ನಮ್ಮ ಕೆಳಗಿನ ಕೇರಿ ಪೂರ್ತಿ ಬಣ್ಣ! ಅದರ ಸ್ಕ್ರೀನ್‌ಶಾಟ್, ನನ್ನ ಡಿಬಿಎಂ ಪಟ್ಟಿ, ಗ್ರಾಮ ಪಂಚಾಯಿತಿ ಠರಾವಿನ ಪ್ರತಿ, ಮೂರನ್ನೂ ಸೇರಿಸಿ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಿದೆ. ಪ್ರತಿ ಮನೆಯ ಲೊಕೇಶನ್ನೂ ಕೊಟ್ಟಿದ್ದೆ. ‘ಊರಿಗೆ ಟವರ್ ಕೊಡಿ’ ಅಂತ ಈ ಸಲ ಬರೆಯಲಿಲ್ಲ. ‘ನಿಮ್ಮ ನಕ್ಷೆಗೂ ಈ 21 ಮನೆಗಳಿಗೂ ತಾಳೆಯಾಗುತ್ತಿಲ್ಲ, ಬಂದು ನೋಡಿ’ ಅಂತ ಬರೆದೆ.

ಬಂದರು. ಕಂಪನಿಯ ಹುಡುಗ ಟಾರು ರಸ್ತೆಯಲ್ಲೇ ಅಳೆದು ಹೊರಟಿದ್ದ. ಕಾಫಿ ಕೊಟ್ಟು, ಸುಮ್ನೆ ಮಾತಾಡಿಸ್ತಾ ತೋಟದ ಕೆಳಗೆ ಕರೆದುಕೊಂಡು ಹೋದೆ. ಅಲ್ಲಿ ಅವನ ಫೋನೂ ಸತ್ತಿತು. ತಿಂಗಳ ಮೇಲೆ ಪಕ್ಕದೂರಿನ ಟವರಿನ ಆಂಟೆನಾ ತಿರುಗಿಸಿದರು. ಒಂಬತ್ತು ಮನೆಗೆ ಸಿಗ್ನಲ್ ಬಂತು. ಉಳಿದ ಹನ್ನೆರಡಕ್ಕೆ ಗುಡ್ಡ ಅಡ್ಡ. ಅಲ್ಲಿಗೆ ಬೇರೆ ಟವರೇ ಆಗಬೇಕು. ನಾವು ತೋರಿಸಿದ ಜಾಗ ಅರಣ್ಯದ್ದು, ಅದರ ಕಡತ ಇನ್ನೂ ಓಡಾಡುತ್ತಿದೆ.

ಈಗಿನ ತಲೆನೋವು ಕರೆಂಟು. ಜೋರು ಮಳೆಗೆ ಕರೆಂಟ್ ಹೋದರೆ ಟವರಿನ ಬ್ಯಾಟರಿ ಎರಡು ಗಂಟೆ ಬಂದರೆ ಜಾಸ್ತಿ. 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ ಪರಿಹಾರ ಅನ್ನುವ ನಿಯಮ 2025ರ ಏಪ್ರಿಲ್‌ನಿಂದ ಇದೆ. ಆದರೆ ಅದು ಇಡೀ ಜಿಲ್ಲೆಯಲ್ಲಿ ನೆಟ್‌ವರ್ಕ್ ಬಿದ್ದರೆ ಮಾತ್ರ. ನಮ್ಮೊಂದು ಟವರ್ ಮೂರು ದಿನ ಮಲಗಿದರೆ ಯಾವ ಲೆಕ್ಕಕ್ಕೂ ಇಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಇನ್ನೆರಡು ಕಾಲಂ ಎಳೆದಿದ್ದೇನೆ: ಟವರ್ ಹೋದ ಹೊತ್ತು, ಬಂದ ಹೊತ್ತು. ಮೊನ್ನೆ ಮಂಗಳವಾರ ರಾತ್ರಿ ಎಂಟೂವರೆಗೆ ಹೋದದ್ದು. ಬಂದ ಹೊತ್ತಿನ ಕಾಲಂ ಇನ್ನೂ ಖಾಲಿ ಇದೆ.