ಆರು ಬೋಲ್ಟಿನ ಸಿ-10ಗೆ ಐದು ಬೋಲ್ಟಿನ ವೀಲ್: ಹೌಸಿಂಗ್ ಇಳಿಸದೆ ಮಾಡಿದ್ದು

ನನ್ನ 1969ರ ಷೆವ್ರೊಲೆ ಸಿ-10 ಪಿಕಪ್ ಈಗ ನಾಲ್ಕೂ ಕಡೆ ಐದು ಬೋಲ್ಟಿನ ವೀಲ್ ಮೇಲೆ ಓಡುತ್ತಿದೆ. ಹಬ್‌ಗೂ ವೀಲಿಗೂ ನಡುವೆ ಹಾಕುವ ಅಡಾಪ್ಟರ್ ಬಿಲ್ಲೆ ಒಂದೂ ಇಲ್ಲ. ಹಿಂದಿನ ಆಕ್ಸಲ್ ಹೌಸಿಂಗ್ (ಶಾಫ್ಟುಗಳನ್ನು ಒಳಗಿಟ್ಟುಕೊಂಡಿರುವ ಕವಚ) ಗಾಡಿಯ ಜೊತೆ ಬಂದದ್ದೇ. "ಹೌಸಿಂಗ್ ಸಮೇತ ಬದಲಿಸದೆ ಆಗೋ ಕೆಲಸ ಅಲ್ಲಪ್ಪ" ಅಂದವರು ಒಬ್ಬೊಬ್ಬರಾಗಿ ಬಂದು, ಬಗ್ಗಿ ನೋಡಿ ಹೋಗಿದ್ದಾರೆ. ಹತ್ತು ಸಾವಿರ ಕಿಲೋಮೀಟರಿನ ಹತ್ತಿರ ಓಡಿರಬಹುದು, ಆಕ್ಸಲ್ ಸೀಲ್ ಒಂದು ಹನಿ ಸೋರಿಲ್ಲ.

ಈ ಗಾಡಿ ಇಟ್ಟುಕೊಂಡವರಿಗೆ ಗೊತ್ತಿರುವ ವಿಷಯವೇ: 1970ರವರೆಗೆ ಆರು ಬೋಲ್ಟು, 139.7 ಮಿ.ಮೀ. ಪಿಸಿಡಿ (ಬೋಲ್ಟುಗಳ ನಡುವಿನಲ್ಲಿ ಹಾಯುವ ವೃತ್ತದ ವ್ಯಾಸ), ನಾಲ್ಕೂ ಕಡೆ ಡ್ರಮ್ ಬ್ರೇಕ್. 1971ರಲ್ಲಿ ಮುಂದೆ ಡಿಸ್ಕ್ ಬಂತು, ಅದರ ಜೊತೆಗೇ ಐದು ಬೋಲ್ಟಿನ 127 ಮಿ.ಮೀ. ಪಿಸಿಡಿ ಬಂತು. ನನಗೆ ಎರಡೂ ಬೇಕಿತ್ತು. 15×8 ರ‍್ಯಾಲಿ ವೀಲ್ ನಾಲ್ಕು ಮೊದಲೇ ಕೈಗೆ ಬಂದಿದ್ದವು.

ಹಳೇ ವೀಲ್ ಕೊಳ್ಳುವವರಿಗೆ ಒಂದು ಮಾತು. ಐದು ತೂತಿನ ವೀಲಿಗೆ ಪಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದು 1.701ರಿಂದ ಗುಣಿಸಿ. ಬಂದದ್ದೇ ಪಿಸಿಡಿ. 127ರ ವೀಲಾದರೆ ತೂತುಗಳ ನಡುವಿನ ಅಳತೆ 74.7 ಮಿ.ಮೀ. ಸಿಗಬೇಕು. ಅದೇ ಕಂಪನಿಯ ಕಾರುಗಳ 120.65 ಆದರೆ 70.9. ವ್ಯತ್ಯಾಸ ನಾಲ್ಕು ಮಿ.ಮೀ. ಕೂಡ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಮಾರುವವರು ಏನೇ ಹೇಳಲಿ, ವರ್ನಿಯರ್ ಇಟ್ಟು ನೋಡದೆ ದುಡ್ಡು ಕೊಡಬೇಡಿ.

ಮೊದಲು ಹಾಕಿದ್ದು ಅಡಾಪ್ಟರನ್ನೇ. ಆರರಿಂದ ಐದಕ್ಕೆ, 32 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ಪ್ರತಿ ವೀಲು ಅಷ್ಟು ಹೊರಗೆ ಹೋಯಿತು, ಅಂದರೆ ಎರಡೂ ಬದಿ ಸೇರಿ 64 ಮಿ.ಮೀ. ಅಗಲ. ಹಿಂದೆ ಲೋಡ್ ಹಾಕಿದರೆ ಟೈರು ಮಡ್‌ಗಾರ್ಡಿಗೆ ತಾಗುತ್ತಿತ್ತು. ಮುಂದಿನದು ಇನ್ನೂ ಕಷ್ಟ. ವೀಲು ಹೊರಗೆ ಹೋದಷ್ಟೂ ಸ್ಟೀರಿಂಗ್ ತಿರುಗುವ ಅಕ್ಷದಿಂದ ಟೈರು ದೂರವಾಗುತ್ತದೆ, ಪ್ರತಿ ಗುಂಡಿಯ ಏಟೂ ನೇರ ಕೈಗೆ ಬರುತ್ತದೆ. ತೊಂಬತ್ತರ ವೇಗದಲ್ಲಿ ನಡುಕ ಬೇರೆ. ಡಯಲ್ ಗೇಜ್ ಇಟ್ಟರೆ ಒಂದು ಅಡಾಪ್ಟರಿನ ಮುಖವೇ ಅರ್ಧ ಮಿ.ಮೀ. ಹತ್ತಿರ ಓರೆ. ಹಬ್‌ಗೆ ಬಿಗಿಯಾಗಿ ಕೂರುವಂತೆ ಮಾಡಿದ ಒಳ್ಳೆಯ ಅಡಾಪ್ಟರ್ ಹಿಂದೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಆದರೆ ಒಳಗಿನ ನಟ್ಟುಗಳನ್ನು ನೂರು ಕಿಲೋಮೀಟರ್ ಓಡಿಸಿ ಮತ್ತೆ ಟಾರ್ಕ್ ಮಾಡಲೇಬೇಕು. ಅದಕ್ಕೆ ಪ್ರತಿ ಸಲ ವೀಲ್ ಬಿಚ್ಚಬೇಕು. ಆ ಗೋಳು ಯಾರಿಗೆ ಬೇಕು.

ಇರುವ ಫ್ಲ್ಯಾಂಜಿನಲ್ಲೇ (ವೀಲ್ ಬೋಲ್ಟ್ ಕೂರುವ, ಶಾಫ್ಟಿನ ತುದಿಯ ತಟ್ಟೆ) ಐದು ಹೊಸ ತೂತು ಹೊಡೆದರೆ ಹೇಗೆ ಅಂತಲೂ ಕಾಗದದ ಮೇಲೆ ಎಳೆದು ನೋಡಿದೆ. ಆರರ ವೃತ್ತಕ್ಕೂ ಐದರ ವೃತ್ತಕ್ಕೂ ತ್ರಿಜ್ಯದ ಅಂತರ 6.35 ಮಿ.ಮೀ. ಮಾತ್ರ. ಎಷ್ಟು ಅನುಕೂಲವಾಗಿ ತಿರುಗಿಸಿದರೂ ಎರಡು ಹೊಸ ತೂತುಗಳು ಹಳೆಯವುಗಳಿಂದ ಆರೇ ಡಿಗ್ರಿ ದೂರ ಬೀಳುತ್ತವೆ. ನಡುವಿನಿಂದ ನಡುವಿಗೆ ಒಂಬತ್ತೂವರೆ ಮಿ.ಮೀ. ಕೂಡ ಇಲ್ಲ. ತೂತೇ ಹನ್ನೆರಡರ ಆಸುಪಾಸು, ಹಾಗಾಗಿ ಒಂದರೊಳಗೊಂದು ಸೇರಿಹೋಗುತ್ತವೆ. ವೆಲ್ಡ್ ತುಂಬಿ ಹೊಡೆಯುತ್ತೇವೆ ಅನ್ನುವ ಲೇತ್‌ನವರಿದ್ದಾರೆ. ಆಕ್ಸಲ್ ಶಾಫ್ಟಿನ ಮೇಲೆ ಆ ಕೆಲಸಕ್ಕೆ ನಾನಂತೂ ಒಪ್ಪುವುದಿಲ್ಲ.

ಎಲ್ಲರೂ ಹೇಳಿದ ದಾರಿ 1973ರಿಂದ 87ರ ಆಕ್ಸಲನ್ನು ಇಡಿಯಾಗಿ ತಂದು ಕೂರಿಸುವುದು. ತಂದೆ ಕೂಡ. ಅದು ಲೀಫ್ ಸ್ಪ್ರಿಂಗಿಗೆ ಮಾಡಿದ್ದು, ನನ್ನದು ಕಾಯಿಲ್ ಸ್ಪ್ರಿಂಗ್, ಟ್ರೇಲಿಂಗ್ ಆರ್ಮ್. ಸ್ಪ್ರಿಂಗ್ ಕೂರುವ ಪೀಠಗಳನ್ನು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ಪಿನಿಯನ್ ಕೋನ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲಿಗೆ ಸೇರುವ ಕೋನ) ಹೊಂದಿಸಬೇಕು. ಅಗಲವೂ ಜಾಸ್ತಿ. ಆ ಆಕ್ಸಲ್ ಕೊಂಡದ್ದಕ್ಕಿಂತ ಕಡಿಮೆಗೆ ಮಾರಿ ಕೈತೊಳೆದುಕೊಂಡೆ.

ಆಮೇಲೆ ಹಿಡಿದದ್ದು ಈಗ ಓಡುತ್ತಿರುವ ದಾರಿ. ಹಿಂದೆ ಶಾಫ್ಟ್ ಮಾತ್ರ, ಮುಂದೆ ಎಲ್ಲವೂ.

ನನ್ನದು 12 ಬೋಲ್ಟಿನ ಆಕ್ಸಲ್ (ಇದು ವೀಲಿನದಲ್ಲ, ಹಿಂದಿನ ಕವರಿನ ಬೋಲ್ಟುಗಳ ಲೆಕ್ಕ), ಸಿ-ಕ್ಲಿಪ್ ಮಾದರಿ, ಅಂದರೆ ಶಾಫ್ಟನ್ನು ಒಳತುದಿಯಲ್ಲಿ ಒಂದು ಕ್ಲಿಪ್ ಹಿಡಿದಿರುತ್ತದೆ. ಇದಕ್ಕೆಂದೇ ಅದೇ ಉದ್ದ, ಒಳತುದಿಯಲ್ಲಿ ಅದೇ ಸ್ಪ್ಲೈನ್ ಹಲ್ಲು, ಐದು ಬೋಲ್ಟಿನ ಫ್ಲ್ಯಾಂಜ್ ಇರುವ ಶಾಫ್ಟ್ ಮಾಡಿ ಮಾರುತ್ತಾರೆ. ಕವರ್ ಬಿಚ್ಚಿ, ಅಡ್ಡಪಿನ್ ತೆಗೆದು, ಶಾಫ್ಟನ್ನು ಒಳಕ್ಕೆ ತಳ್ಳಿದರೆ ಕ್ಲಿಪ್ ಬೀಳುತ್ತದೆ. ಹೇಳುವುದಕ್ಕೆ ಸುಲಭ. ಅಡ್ಡಪಿನ್ ಹಿಡಿದಿಡುವ ಲಾಕ್ ಬೋಲ್ಟ್ ಒಳಗೇ ತುಂಡಾಯಿತು. ಎರಡು ದಿನ ಅದೇ ಕೆಲಸ. ತೆಗೆದ ಉಪಾಯ ಇಲ್ಲಿ ಬರೆಯುವುದಿಲ್ಲ, ಡ್ರಿಲ್ ಮುಟ್ಟಲಿಲ್ಲ ಅಂತಷ್ಟೇ ಹೇಳುತ್ತೇನೆ. ಹಳೇ ಶಾಫ್ಟ್ ಹೊರಬಂದಾಗ ನೋಡಿದರೆ ಬೇರಿಂಗ್ ಓಡುವ ಜಾಗದಲ್ಲಿ ಉಗುರು ಸಿಕ್ಕುವಷ್ಟು ಸವೆತ. ಈ ಮಾದರಿಯಲ್ಲಿ ರೋಲರ್‌ಗಳು ನೇರ ಶಾಫ್ಟಿನ ಮೇಲೇ ಓಡುತ್ತವಲ್ಲ, ವರ್ಷಗಟ್ಟಲೆ ಸೀಲ್ ಬದಲಿಸಿದರೂ ಸೋರುತ್ತಿದ್ದದ್ದು ಅದಕ್ಕೇ. ಬೋಲ್ಟ್ ಬದಲಿಸಲು ಹೋಗಿ ಆ ಕಾಯಿಲೆಯೂ ವಾಸಿಯಾಯಿತು. ಬೇರಿಂಗ್, ಸೀಲ್, ಐದು ತೂತಿನ ಡ್ರಮ್ ಹೊಸದು. ಬ್ರೇಕ್ ಪ್ಲೇಟ್ ಮತ್ತು ಶೂ ಹಳೆಯವೇ.

ಮುಂದೆ 1972ರ ಕ್ರಾಸ್‌ಮೆಂಬರನ್ನು (ಮುಂದಿನ ಸಸ್ಪೆನ್ಷನ್ ಮತ್ತು ಇಂಜಿನ್ ಹೊರುವ ಅಡ್ಡತೊಲೆ) ಆರ್ಮ್, ಡಿಸ್ಕ್, ಕ್ಯಾಲಿಪರ್ ಸಮೇತ ತಂದೆ. ಒಂದೇ ಪೀಳಿಗೆಯ ಗಾಡಿ, ಚಾಸಿಯ ತೂತುಗಳು ಕೂಡುತ್ತವೆ. ಬಿಡಿ ಸಾಮಾನು ಹುಡುಕಿ ಒಂದಕ್ಕೊಂದು ಹೊಂದಿಸುವುದಕ್ಕಿಂತ ಇದೇ ಅಗ್ಗ. ಇಂಜಿನ್ನಿಗೆ ಮೇಲಿನಿಂದ ಆಧಾರ ಕೊಟ್ಟ ರೀತಿ ನನ್ನದೇ, ಅದೂ ನನ್ನ ಹತ್ತಿರವೇ ಇರಲಿ.

ಮೊದಲ ಓಟದಲ್ಲೇ ಮುಂದಿನ ಡಿಸ್ಕುಗಳು ಕಾದು ವಾಸನೆ ಬಂತು. ಎಲ್ಲರೂ ಕ್ಯಾಲಿಪರ್ ಜಾಮ್ ಅಂದರು. ಕ್ಯಾಲಿಪರ್ ಸರಿಯಾಗಿಯೇ ಇತ್ತು, ಪ್ಯಾಡನ್ನು ಬಿಡದೆ ತಡೆದಿದ್ದು ಡ್ರಮ್ಮಿನ ಕಾಲದ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು). ಅದರಲ್ಲಿ ಡ್ರಮ್ ಲೈನಿಗೆಂದು ಹತ್ತು ಪಿಎಸ್‌ಐ ಆಸುಪಾಸು ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಡ್ರಮ್ ಶೂ ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ, ಡಿಸ್ಕ್ ಪ್ಯಾಡಿಗೆ ಇಲ್ಲ. ಹಾಗಾಗಿ ಪ್ಯಾಡು ಬಿಡದೆ ಉಜ್ಜುತ್ತದೆ. ಡಿಸ್ಕ್-ಡ್ರಮ್ ಗಾಡಿಯ ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಒತ್ತಡ ಹೊಂದಿಸುವ ಕಾಂಬಿನೇಷನ್ ವಾಲ್ವ್ ಹಾಕಿ, ಲೈನಿನ ಗಾಳಿ ತೆಗೆದು ಬ್ಲೀಡ್ ಮಾಡಿದ ಮೇಲೆ ಒಂದೇ ಬೆರಳಿಗೆ ವೀಲು ತಿರುಗಿತು.

ಖರ್ಚು? ನಾಲ್ಕು ಅಡಾಪ್ಟರಿಗೆ ಕೊಟ್ಟದ್ದನ್ನು ಒಂದು ಪಾಲು ಅಂತಿಟ್ಟುಕೊಳ್ಳಿ. ಶಾಫ್ಟ್, ಬೇರಿಂಗ್, ಡ್ರಮ್ಮಿಗೆ ಎರಡು ಪಾಲು ಮೀರಿತು. ಮುಂದಿನ ಕ್ರಾಸ್‌ಮೆಂಬರ್ ಮತ್ತು ಬ್ರೇಕಿಗೆ ಮೂರು, ಮೂರೂವರೆ. ಇಡೀ ಆಕ್ಸಲ್ ವ್ಯವಹಾರದಲ್ಲಿ ಕೈಬಿಟ್ಟದ್ದು ಅರ್ಧ ಪಾಲು. ಕೂಲಿ ಒಂದು ಕಾಸೂ ಇಲ್ಲ, ಕವರ್ ಗ್ಯಾಸ್ಕೆಟ್‌ವರೆಗೆ ಎಲ್ಲ ನಾನೇ.

ಸ್ಟೆಪ್ನಿಯನ್ನೂ ಐದು ತೂತಿನದಕ್ಕೆ ಬದಲಿಸಿಕೊಳ್ಳಿ, ನಟ್ಟಿನ ಥ್ರೆಡ್ ಮುಂದೆ ಹಿಂದೆ ಒಂದೇ ಇದೆಯೇ ನೋಡಿಕೊಳ್ಳಿ. ಬಿಚ್ಚಿದ ಆರು ತೂತಿನ ವೀಲುಗಳನ್ನು ಗುಜರಿಗೆ ಹಾಕಬೇಡಿ. ಇದೇ ಗಾಡಿಯ ಫೋರ್ ವೀಲ್ ಡ್ರೈವ್ ಕೆ-10 ಆರು ಬೋಲ್ಟಿನಲ್ಲೇ ಮುಂದುವರಿದಿದ್ದರಿಂದ ಅವಕ್ಕೆ ಗಿರಾಕಿ ಇದ್ದೇ ಇರುತ್ತಾರೆ. ನನ್ನ ಐದೂ ವೀಲುಗಳನ್ನು ಅಂಥವರೊಬ್ಬರು ಒಟ್ಟಿಗೆ ಒಯ್ದರು, ಅಡಾಪ್ಟರಿಗೆ ಹಾಕಿದ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂತು.